ಕಾಣದ ಕೊಪ್ಪರಿಗೆಯ ನಾದ: ವಿಜ್ಞಾನಿ ಸಿ. ವಿ. ವಿಶ್ವೇಶ್ವರ

ನಮ್ಮ ಪತ್ರಿಕೆಯ ಹಳೆಯ ವಾಚಕರೊಬ್ಬರು ಹದಿನೈದು ದಿನಗಳ ಹಿಂದೆ ಕಚೇರಿಗೆ ದಯಮಾಡಿಸಿದ್ದರು. ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು; ಇಲ್ಲಿನ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಗುಮಾಸ್ತರು. ಕುಳಿತು, ಚಹ ಕುಡಿದು, ಬಹಳ ಹೊತ್ತು ಊರಿನ ಮಳೆಬೆಳೆಯ ಮಾತನ್ನೇ ಆಡಿ, ಇನ್ನೇನು ಏಳಬೇಕೆನ್ನುವಾಗ ಬಂದ ಕಾರಣವನ್ನು ಹೊರಗೆಡವಿದರು. ಅವರ ಮಗನು ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾಗಿದ್ದಾನೆ. ಬಂಧುಬಳಗವೆಲ್ಲವೂ ಎಂಜಿನಿಯರಿಂಗ್ ಎನ್ನುತ್ತಿದೆ. ಹುಡುಗನು ಮಾತ್ರ ಭೌತಶಾಸ್ತ್ರವನ್ನೇ ಓದುವೆನೆಂದು ಪಟ್ಟು ಹಿಡಿದಿದ್ದಾನೆ. ಅದರಲ್ಲಿ ಏನನ್ನು ಓದುವೆಯೆಂದು ಕೇಳಿದರೆ ಕೃಷ್ಣರಂಧ್ರವೆನ್ನುತ್ತಾನಂತೆ. "ಸ್ವಾಮಿ, ಬೆಳಕೇ ಹೊರಬರಲಾರದ ಕುಳಿಯಿಂದ ಸಂಬಳ ಹೊರಬಂದೀತೇ?" ಎಂದು ಅವರು ಕೇಳಿದರು.

ನನಗೆ ನಗು ಬಂತು. ಆದರೆ ಉತ್ತರ ಬರಲಿಲ್ಲ. ಎಸ್.ಎಸ್.ಎಲ್.ಸಿ.ಯ ಆಚೆಗೆ ಕಾಲಿಡದೆ, ಹೋಟೆಲಿನ ಗಲ್ಲೆಯ ಹಿಂದಿನಿಂದ ಎದ್ದು ಪತ್ರಿಕೆಯ ಮೇಜಿಗೆ ಬಂದು ಕುಳಿತವನು ನಾನು. ಆದಾಗ್ಯೂ ವಾಚಕರು ಕೇಳಿದ ಪ್ರಶ್ನೆಯನ್ನು ಹಾಗೆಯೇ ಹಿಂದಿರುಗಿಸುವುದು ಸಂಪಾದಕನಾದವನಿಗೆ ಭೂಷಣವಲ್ಲವಷ್ಟೆ. ಬಲ್ಲವರನ್ನು ಕೇಳಿದೆನು, ದೊರೆತ ಪುಸ್ತಕಗಳನ್ನು ತಿರುವಿದೆನು. ಆಗ ತಿಳಿದುಬಂದ ಸಂಗತಿಯೊಂದು ನನ್ನನ್ನು ನಿಜವಾಗಿಯೂ ಬೆರಗುಗೊಳಿಸಿತು. ಯಾವ ಕುಳಿಯಿಂದ ಏನೂ ಹೊರಬರದೆಂದು ಲೋಕವು ನಂಬಿದೆಯೋ, ಆ ಕುಳಿಯನ್ನು ತಟ್ಟಿದರೆ ಅದು ಯಾವ ಸ್ವರದಲ್ಲಿ ಮಿಡಿಯುವುದೆಂಬುದನ್ನು ಮೊಟ್ಟಮೊದಲಿಗೆ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಒಬ್ಬ ಕನ್ನಡಿಗರು. ಹೆಸರು ಸಿ. ವಿ. ವಿಶ್ವೇಶ್ವರ. ನಮ್ಮ ಹೋಟೆಲುಗಳಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರವನ್ನು ತೂಗುಹಾಕಿದವರು ಅನೇಕರಿದ್ದಾರೆ. ಈ ವಿಶ್ವೇಶ್ವರರ ಹೆಸರನ್ನು ಕೇಳಿದವರು ವಿರಳ.

ವಿಷಯವು ಗಹನವಾದುದು. ಆದರೆ ನಮ್ಮ ವೃತ್ತಿಯವರಿಗೆ ಅದರ ಮರ್ಮವನ್ನು ತಿಳಿಯುವುದು ಕಷ್ಟವಲ್ಲವೆಂದು ನನಗೆ ತೋರುತ್ತದೆ. ಬೇಗಂ ಬಜಾರಿನಲ್ಲಿ ಅಡುಗೆಮನೆಗೆ ದೊಡ್ಡ ಕೊಪ್ಪರಿಗೆಯನ್ನು ಕೊಳ್ಳಲು ಹೋದವರು ಏನು ಮಾಡುತ್ತೀರಿ? ಮೊದಲು ಬೆರಳ ಗೆಣ್ಣಿನಿಂದ ಟಣ್ಣೆಂದು ತಟ್ಟಿ ನೋಡುತ್ತೀರಿ. ಗಟ್ಟಿಯಾದ ಪಾತ್ರೆಯಾದರೆ ನಾದವು ತುಂಬಿ ಬಂದು, ಗುಂಯ್ಯೆಂದು ನಿಧಾನವಾಗಿ ಅಡಗುತ್ತದೆ. ಸೀಳುಬಿಟ್ಟ ಪಾತ್ರೆಯ ಸದ್ದು ಒಡೆದುಹೋಗುತ್ತದೆ. ಚಿಕ್ಕ ತಂಬಿಗೆಯ ದನಿ ಎತ್ತರ, ದೊಡ್ಡ ಕೊಪ್ಪರಿಗೆಯ ದನಿ ತಗ್ಗು. ನುರಿತವನಿಗೆ ಕಣ್ಣು ಕಟ್ಟಿದರೂ ಚಿಂತೆಯಿಲ್ಲ. ದನಿಯೊಂದರಿಂದಲೇ ಪಾತ್ರೆಯ ಗಾತ್ರವನ್ನು ಹೇಳಬಲ್ಲನು. ಅದನ್ನು ಬೆರಳಿನಿಂದ ತಟ್ಟಿದರೋ ಸೌಟಿನಿಂದ ತಟ್ಟಿದರೋ ಎಂಬುದು ಆ ದನಿಯನ್ನು ಬದಲಾಯಿಸದು. ದನಿಯು ಪಾತ್ರೆಯ ಸ್ವಂತದ್ದು. ವಿಶ್ವೇಶ್ವರರು ಮಾಡಿದುದೂ ಇದನ್ನೇ. ವ್ಯತ್ಯಾಸವಿಷ್ಟೆ: ಅವರು ತಟ್ಟಿದ ಕೊಪ್ಪರಿಗೆಯನ್ನು ಆಗ ಯಾರೂ ಕಂಡಿರಲಿಲ್ಲ. ಅಂತಹದೊಂದು ಇದೆಯೆಂಬ ಭರವಸೆಯೂ ಇರಲಿಲ್ಲ.

ಕೃಷ್ಣರಂಧ್ರದ ಕಥೆಯು ೧೯೧೫ರಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಮಂಡಿಸಿದ ಗುರುತ್ವದ ಹೊಸ ಸಿದ್ಧಾಂತದಿಂದ ಪ್ರಾರಂಭವಾಗುತ್ತದೆ. ಭಾರವಾದ ವಸ್ತುವು ತನ್ನ ಸುತ್ತಲಿನ ದೇಶಕಾಲವನ್ನೇ ಬಾಗಿಸುತ್ತದೆ, ಆ ಬಾಗುವಿಕೆಯೇ ಗುರುತ್ವಾಕರ್ಷಣೆ ಎಂಬುದು ಅದರ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ ಎಂಬ ಖಗೋಳಜ್ಞರು, ಮಹಾಯುದ್ಧದ ರಷ್ಯಾ ರಂಗದಲ್ಲಿ ಸೈನಿಕ ಸೇವೆಯಲ್ಲಿದ್ದುಕೊಂಡೇ, ಆ ಸಮೀಕರಣಗಳಿಗೆ ಒಂದು ನಿಖರವಾದ ಉತ್ತರವನ್ನು ಕಂಡುಹಿಡಿದು ಐನ್‌ಸ್ಟೈನರಿಗೆ ಕಾಗದ ಬರೆದರು. ಕೆಲವೇ ತಿಂಗಳುಗಳಲ್ಲಿ, ೧೯೧೬ರ ಮೇ ತಿಂಗಳಲ್ಲಿ, ಅವರು ವ್ಯಾಧಿಗೀಡಾಗಿ ತೀರಿಕೊಂಡರು. ಅವರ ಉತ್ತರದಲ್ಲಿ ಒಂದು ವಿಚಿತ್ರವು ಅಡಗಿತ್ತು. ಯಾವುದೇ ವಸ್ತುವನ್ನು ಒಂದು ಮಿತಿಗಿಂತ ಸಣ್ಣದಾಗಿ ಹಿಂಡಿದರೆ ಅಲ್ಲಿಂದ ಬೆಳಕು ಸಹ ಪಾರಾಗಲಾರದು. ಸೂರ್ಯನಿಗೆ ಆ ಮಿತಿಯು ಸುಮಾರು ೩ ಕಿಲೋಮೀಟರಿನ ತ್ರಿಜ್ಯ. ನಮ್ಮ ಇಡೀ ಭೂಮಿಗಾದರೋ ಸುಮಾರು ೯ ಮಿಲಿಮೀಟರು. ಎಂದರೆ ಚಾರ್‌ಮಿನಾರ್, ಹುಸೇನ್ ಸಾಗರ, ಹಿಮಾಲಯ, ಸಪ್ತಸಮುದ್ರಗಳೆಲ್ಲವೂ ಮಕ್ಕಳಾಡುವ ಒಂದು ಗೋಲಿಯೊಳಗೆ ಅಡಕವಾಗಬೇಕು. ಬಹುಕಾಲ ವಿದ್ವಾಂಸರು ಇದನ್ನು ಗಣಿತದ ಚಮತ್ಕಾರವೆಂದಷ್ಟೇ ಎಣಿಸಿದರು.

ವಿಶ್ವೇಶ್ವರರು ೧೯೩೮ನೆಯ ಇಸವಿ ಮಾರ್ಚ್ ೬ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆಯವರಾದ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಗಣ್ಯ ಗದ್ಯಲೇಖಕರು; ನಾಲ್ವಡಿ ಕೃಷ್ಣರಾಜ ಒಡೆಯರ ಚರಿತ್ರೆಯಾದ 'ಆಳಿದ ಮಹಾಸ್ವಾಮಿಯವರು' ಎಂಬ ಗ್ರಂಥವನ್ನೂ, ಅಬ್ರಹಾಂ ಲಿಂಕನ್ನರ ಜೀವನ ಚರಿತ್ರೆಯನ್ನೂ ಕನ್ನಡಿಗರಿಗೆ ಕೊಟ್ಟವರು; ೧೯೪೭ರಲ್ಲಿ ಹರಪನಹಳ್ಳಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ತಂದೆಯವರು ಲಿಂಕನ್ನರ ದೇಶವನ್ನು ಕನ್ನಡಕ್ಕೆ ತಂದರೆ ಮಗನು ಆ ದೇಶಕ್ಕೇ ಹೋದನು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೫೯ರಲ್ಲಿ ಎಂ.ಎಸ್‌ಸಿ. ಪದವಿ; ಅನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ; ಅಲ್ಲಿಂದ ಮೇರಿಲ್ಯಾಂಡ್. ಅಲ್ಲಿ ಚಾರ್ಲ್ಸ್ ಮಿಸ್ನರ್ ಎಂಬ ಗುರುಗಳ ಬಳಿ ಸಂಶೋಧನೆ ಮಾಡಿ ೧೯೬೮ರಲ್ಲಿ ಡಾಕ್ಟರೇಟನ್ನು ಪಡೆದರು.

ಅವರ ಮುಂದಿದ್ದ ಪ್ರಶ್ನೆಯನ್ನು ನಾನು ನಮ್ಮ ಭಾಷೆಯಲ್ಲಿ ಹೇಳುವೆನು. ಮೇಜಿನ ಮೇಲೆ ಗಾಜಿನ ಲೋಟಗಳನ್ನು ಒಂದರ ಮೇಲೊಂದು ಗೋಪುರದಂತೆ ಪೇರಿಸಿದ್ದೇವೆನ್ನಿ. ಯಾರಾದರೂ ಮೊಣಕೈ ತಾಗಿಸಿದರೆ ಅಷ್ಟೂ ನೆಲದ ಪಾಲು. ಸಿಂಬೆಯ ಮೇಲಿಟ್ಟ ನೀರಿನ ಕೊಡವಾದರೋ ತಾಗಿದರೆ ಒಂದೆರಡು ಬಾರಿ ಹೊಯ್ದಾಡಿ ಮತ್ತೆ ನಿಲ್ಲುತ್ತದೆ. ಶ್ವಾರ್ಟ್ಸ್‌ಚೈಲ್ಡರ ಕುಳಿಯು ಲೋಟಗಳ ಗೋಪುರವೋ, ಸಿಂಬೆಯ ಮೇಲಿನ ಕೊಡವೋ? ಅಲ್ಪಸ್ವಲ್ಪ ಅಲುಗಿದೊಡನೆಯೇ ಸಿಡಿದುಹೋಗುವಂತಹುದಾದರೆ ಅಂತಹ ವಸ್ತುವು ಈ ವಿಶ್ವದಲ್ಲಿ ಇರಲಾರದು. ಆಗ ಅದನ್ನು ಹುಡುಕುವುದೇ ವ್ಯರ್ಥ. ೧೯೫೭ರಲ್ಲಿ ರೆಗ್ಗೆ ಮತ್ತು ವ್ಹೀಲರ್ ಎಂಬಿಬ್ಬರು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರಾದರೂ ಕುಳಿಯ ಅಂಚಿನಲ್ಲಿ ಏನು ನಡೆಯುವುದೆಂಬ ತೊಡಕು ಬಗೆಹರಿದಿರಲಿಲ್ಲ. ವಿಶ್ವೇಶ್ವರರು ಆ ತೊಡಕನ್ನು ಬಿಡಿಸಿ, ಕುಳಿಯು ಅಲುಗಿದರೂ ನೆಲೆಗೆ ಬರುವಂತಹುದೆಂದು ತೋರಿಸಿದರು. ಅವರು ಈ ಲೆಕ್ಕದಲ್ಲಿ ತೊಡಗಿದಾಗ 'ಕೃಷ್ಣರಂಧ್ರ'ವೆಂಬ ಹೆಸರು ಸಹ ಬಳಕೆಗೆ ಬಂದಿರಲಿಲ್ಲ. ೧೯೬೭ರ ಕೊನೆಯ ಹೊತ್ತಿಗೆ ವ್ಹೀಲರರ ಭಾಷಣಗಳಿಂದ ಅದು ಪ್ರಚಾರವಾಯಿತು. ತಿರುಗುವ ಕೃಷ್ಣರಂಧ್ರಕ್ಕೆ ಒಂದರ ಹೊರಗೊಂದು ಎರಡು ಬೇರೆ ಬೇರೆ ಗಡಿಗಳಿರುವುದನ್ನು ಕುರಿತೂ ಅವರು ೧೯೬೮ರಲ್ಲಿ ಬರೆದರು. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಇಲ್ಲವೆಂದು ಅನೇಕರು ಭಾವಿಸಿದ್ದ ವಸ್ತುವೊಂದು ಇದ್ದರೆ ಸ್ಥಿರವಾಗಿರುತ್ತದೆಯೇ ಎಂದು ವರ್ಷಗಟ್ಟಲೆ ಲೆಕ್ಕ ಹಾಕುವವನನ್ನು ಮನೆಯವರು ಏನೆಂದಾರು? ನಮ್ಮ ಗುಮಾಸ್ತರ ಸಂಕಟವು ನನಗೆ ಇಲ್ಲಿ ಚೆನ್ನಾಗಿ ಅರ್ಥವಾಯಿತು.

ಕುಳಿಯು ಸ್ಥಿರವೆಂದಾದ ಮೇಲೆ ಎರಡನೆಯ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಬೆಳಕನ್ನೇ ನುಂಗುವ ವಸ್ತುವಿನ ಇರವನ್ನು ಹೊರಗಿರುವ ನಾವು ತಿಳಿಯುವುದೆಂತು? ತಟ್ಟಿ ನೋಡುವುದು. ಯಾವುದರಿಂದ ತಟ್ಟುವುದು? ಗುರುತ್ವ ತರಂಗಗಳಿಂದ. ಕೆರೆಯಲ್ಲಿ ಕಲ್ಲು ಬಿದ್ದಾಗ ಅಲೆಗಳು ಹರಡುವಂತೆ ಭಾರವಾದ ಕಾಯಗಳು ಅಲ್ಲಾಡಿದಾಗ ದೇಶಕಾಲದಲ್ಲೇ ಅಲೆಗಳೇಳುತ್ತವೆಂದು ಐನ್‌ಸ್ಟೈನರು ೧೯೧೬ರಲ್ಲಿಯೇ ಹೇಳಿದ್ದರು. ವಿಶ್ವೇಶ್ವರರು ಅಂತಹ ಅಲೆಯ ತುಣುಕುಗಳನ್ನು ಗಣಕಯಂತ್ರದ ಲೆಕ್ಕದಲ್ಲಿ ಕೃಷ್ಣರಂಧ್ರದ ಮೇಲೆ ಒಂದರ ಹಿಂದೊಂದರಂತೆ ಎಸೆದರು.

ಮೊದಮೊದಲು ಫಲವು ಕಾಣಲಿಲ್ಲ. ಅಲೆಯ ತುಣುಕು ಅಗಲವಾಗಿದ್ದರೆ ಅದು ಕುಳಿಯನ್ನು ಸವರಿಕೊಂಡು ಹೆಚ್ಚು ಬದಲಾಗದೆ ಹೋಗಿಬಿಡುತ್ತಿತ್ತು. ಕೊಪ್ಪರಿಗೆಯನ್ನು ಹತ್ತಿಯ ದಿಂಬಿನಿಂದ ಹೊಡೆದರೆ ನಾದ ಹೊರಡುವುದೇ? ಅಲೆಯನ್ನು ಸಣ್ಣದು ಮಾಡುತ್ತ ಬಂದರು. ಅದರ ಅಗಲವು ಕುಳಿಯ ಗಾತ್ರಕ್ಕೆ ಸರಿಸಮವಾಗುತ್ತಲೇ, ದಿಂಬನ್ನು ಬಿಟ್ಟು ಸೌಟನ್ನು ಹಿಡಿದಂತಾಯಿತು. ಕೃಷ್ಣರಂಧ್ರವು ಮಿಡಿಯಿತು! ಮರಳಿ ಬಂದ ಅಲೆಯಲ್ಲಿ ಏರಿಳಿತಗಳು ಮೂಡಿ, ಬೇಗಬೇಗನೆ ಕುಗ್ಗುತ್ತ ಅಡಗಿದವು. ಅಲೆಯನ್ನು ಇನ್ನಷ್ಟು ಸಣ್ಣದು ಮಾಡಿದರೂ ಆ ಏರಿಳಿತದ ಮಾದರಿ ಬದಲಾಗಲಿಲ್ಲ. ದನಿಯು ಸೌಟಿನದಲ್ಲ, ಪಾತ್ರೆಯದು. ಭಾರ ಹೆಚ್ಚಾದಷ್ಟೂ ದನಿ ತಗ್ಗುತ್ತದೆ, ಅಡಗುವುದು ನಿಧಾನವಾಗುತ್ತದೆ. ಸೂರ್ಯನ ಹತ್ತುಪಟ್ಟು ಭಾರವಿರುವ, ತಿರುಗದೆ ಇರುವ ಕೃಷ್ಣರಂಧ್ರವಾದರೆ ಕ್ಷಣಕ್ಕೆ ಸುಮಾರು ೧,೨೦೦ ಕಂಪನಗಳು. ಎರಡು ಮೂರು ಬಾರಿ ಮಿಡಿಯುವಷ್ಟರಲ್ಲಿ ನಾದವು ಸಾಯುತ್ತದೆ. ಈ ಶೋಧವು ೧೯೭೦ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕೆಲವೇ ಪುಟಗಳ ಲೇಖನವಾಗಿ ಅಚ್ಚಾಯಿತು. ಅವರಿಗೆ ಆಗ ವಯಸ್ಸು ೩೨.

ಮುಂದೆ ಇತರರು ಆ ಮಿಡಿತಗಳಿಗೆ ಹೆಸರಿಟ್ಟರು, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರಂತಹ ಮಹನೀಯರು ೧೯೭೫ರಲ್ಲಿ ಅವುಗಳ ಲೆಕ್ಕವನ್ನು ವಿಸ್ತರಿಸಿದರು. ಆದರೆ ಕೇಳುವ ಕಿವಿ ಎಲ್ಲಿತ್ತು? ಗುರುತ್ವ ತರಂಗವನ್ನು ಹಿಡಿಯುವ ಸಮರ್ಥ ಯಂತ್ರವು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಹುಂಡಿಯನ್ನು ಬರೆದುಕೊಟ್ಟಾಗಿತ್ತು, ನಗದು ಮಾಡುವ ಅಂಗಡಿ ಇನ್ನೂ ತೆರೆದಿರಲಿಲ್ಲ.

ಊರು ಬಿಟ್ಟು ಬಂದ ನಮಗೆ ಅವರ ಮುಂದಿನ ವರ್ಷಗಳ ಕಥೆ ಅಪರಿಚಿತವೆನಿಸದು. ನ್ಯೂಯಾರ್ಕ್, ಬಾಸ್ಟನ್, ಪಿಟ್ಸ್‌ಬರ್ಗ್ ಎಂದು ಊರಿಂದೂರಿಗೆ ಉದ್ಯೋಗ. ಕೊನೆಗೆ ೧೯೭೬ರಲ್ಲಿ ಸ್ವದೇಶಕ್ಕೆ ಮರಳಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಪತ್ನಿ ಸರಸ್ವತಿಯವರೂ ವಿಜ್ಞಾನಿ; ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ೧೯೯೨ರಲ್ಲಿ ವಿಶ್ವೇಶ್ವರರು ಅದೇ ಊರಿನ ಭಾರತೀಯ ಖಭೌತ ಸಂಸ್ಥೆಗೆ ಹೋದರು. ಇಲ್ಲಿ ಹೈದರಾಬಾದಿನವರಾದ ನಾವು ಒಂದು ಮಾತನ್ನು ಹೆಮ್ಮೆಯಿಂದ ಸೇರಿಸಬಹುದು. ಆ ಸಂಸ್ಥೆಯನ್ನು ೧೯೭೧ರಲ್ಲಿ ಕಟ್ಟಿ ನಿಲ್ಲಿಸಿದ ವೇಣು ಬಾಪು ಅವರು ಬೆಳೆದದ್ದು ನಮ್ಮ ಈ ನಗರದಲ್ಲಿ. ತಂದೆಯವರಿಗೆ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗ, ಮಗನ ಓದು ನಿಜಾಂ ಕಾಲೇಜಿನಲ್ಲಿ. ಬೇಗಂಪೇಟೆಯ ಆ ಹಳೆಯ ವೀಕ್ಷಣಾಲಯದ ದಾರಿಯಲ್ಲಿ ದಿನವೂ ಓಡಾಡುವ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ ಕಾಣೆ.

ಸಂಶೋಧನೆಯಷ್ಟೇ ತಮ್ಮ ಕೆಲಸವೆಂದು ವಿಶ್ವೇಶ್ವರರು ಭಾವಿಸಲಿಲ್ಲ. ೧೯೮೯ರಲ್ಲಿ ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರೂ ತಾರಾಲಯವು ತೆರೆದಾಗ ಅದರ ಸ್ಥಾಪಕ ನಿರ್ದೇಶಕರು ಅವರೇ. ನಮ್ಮೂರಿನ ನೌಬತ್ ಪಹಾಡದ ಮೇಲೆ ಬಿರ್ಲಾ ತಾರಾಲಯವು ೧೯೮೫ರಲ್ಲಿಯೇ ಬಂದಿತ್ತು. ವಾರದ ರಜೆಯ ದಿನ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿ ಕತ್ತಲೆಯಲ್ಲಿ ನಕ್ಷತ್ರಗಳನ್ನು ನೋಡಿ ಬಾರದ ಹೋಟೆಲ್ ಬಂಧುಗಳು ವಿರಳವೆಂದೇ ಹೇಳಬೇಕು. ಬೆಂಗಳೂರಿನ ತಾರಾಲಯದಲ್ಲಿ ನಕ್ಷತ್ರ ತೋರಿಸುವುದರ ಜೊತೆಗೆ ಇನ್ನೊಂದು ಏರ್ಪಾಡಾಯಿತು. ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವ ಸಾಮಾನ್ಯ ಮನೆಗಳ ಮಕ್ಕಳಿಗೆ, ಕಾಲೇಜಿನ ವೇಳೆಯ ಹೊರಗೆ, ನುರಿತ ಸಂಶೋಧಕರಿಂದ ಭೌತಶಾಸ್ತ್ರದ ಪಾಠ. ಇಂದಿನ ಕೋಚಿಂಗ್ ಅಂಗಡಿಗಳ ಪಾಠವಲ್ಲ. ಪರೀಕ್ಷೆಗಾಗಿ ಅಲ್ಲದ ಪಾಠ. ಹಾಗೆ ಕಲಿತು ಹೊರಬಂದ ಹಲವರು ಸಂಶೋಧಕರಾಗಿದ್ದಾರೆ. ವಿಶ್ವೇಶ್ವರರು ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದರು. ಕೃಷ್ಣರಂಧ್ರಗಳನ್ನು ಕುರಿತು ಸಾಮಾನ್ಯರಿಗಾಗಿ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥದ ಹೆಸರಿನಲ್ಲಿಯೇ ಸ್ನಾನದ ತೊಟ್ಟಿಯ ನೊರೆಯಿದೆ. ಮಿತ್ರರಿಗೆ ಅವರು 'ವಿಶು'. ಲೋಕಕ್ಕೆ ಕೃಷ್ಣರಂಧ್ರದ ಮನುಷ್ಯ.

ಇನ್ನು ಹುಡುಗನ ಬಾಯಲ್ಲಿ ಬಂದ ಬೇರೆ ಎರಡು ಶಬ್ದಗಳ ವಿಚಾರ. ಕ್ವಾಂಟಂ ಗುರುತ್ವ, ತಂತು ಸಿದ್ಧಾಂತ. ಗುಮಾಸ್ತರು ಅವನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ವಿಶ್ವೇಶ್ವರರು ತಂತು ಸಿದ್ಧಾಂತಿಯಲ್ಲ. ಆದರೆ ಅವರು ತಟ್ಟಿ ಎಬ್ಬಿಸಿದ ನಾದವು ಆ ಓಣಿಯನ್ನೂ ಹೊಕ್ಕಿತು. ಆದಕಾರಣ ಹೇಳಬೇಕಾಗಿದೆ.

ಲೆಕ್ಕ ಬರೆಯುವವರಿಗೆ ಇದು ಬೇಗ ತಿಳಿದೀತು. ಒಂದೇ ಅಂಗಡಿಗೆ ಎರಡು ಲೆಕ್ಕದ ಪುಸ್ತಕಗಳಿವೆಯೆನ್ನೋಣ. ಒಂದರಲ್ಲಿ ಗ್ರಹ, ನಕ್ಷತ್ರ, ನಕ್ಷತ್ರಪುಂಜಗಳ ಲೆಕ್ಕ, ಬರೆದವರು ಐನ್‌ಸ್ಟೈನ್. ಇನ್ನೊಂದರಲ್ಲಿ ಪರಮಾಣು, ಎಲೆಕ್ಟ್ರಾನ್‌ಗಳ ಲೆಕ್ಕ; ಅದು ಕ್ವಾಂಟಂ ಶಾಸ್ತ್ರ. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲಿಯೂ ತಪ್ಪು ಸಿಕ್ಕಿಲ್ಲ. ನಕ್ಷತ್ರಕ್ಕೆ ಪರಮಾಣುವಿನ ಪುಸ್ತಕ ಬೇಡ, ಪರಮಾಣುವಿಗೆ ಗುರುತ್ವದ ಪುಸ್ತಕ ಬೇಡ. ಹೀಗಾಗಿ ವ್ಯಾಪಾರವು ನಡೆದುಕೊಂಡು ಹೋಗುತ್ತದೆ. ಆದರೆ ಕೃಷ್ಣರಂಧ್ರದಲ್ಲಿ ಮಹಾಭಾರವು ಅತಿಸಣ್ಣ ಸ್ಥಳದಲ್ಲಿ ಅಡಕವಾಗಿರುವುದರಿಂದ ಎರಡೂ ಪುಸ್ತಕಗಳನ್ನು ಏಕಕಾಲದಲ್ಲಿ ತೆರೆಯಲೇಬೇಕು. ತೆರೆದರೆ ಮೊತ್ತಗಳು ತಾಳೆಯಾಗುವುದಿಲ್ಲ. ಉತ್ತರವು ಅನಂತವೆಂದು ಬರುತ್ತದೆ. ಎರಡನ್ನೂ ಕೂಡಿಸಿ ಒಂದೇ ಖಾತೆಯನ್ನು ಬರೆಯುವ ಯತ್ನಕ್ಕೆ ಕ್ವಾಂಟಂ ಗುರುತ್ವವೆಂದು ಹೆಸರು.

೧೯೭೨ರ ಸುಮಾರಿಗೆ ಜೇಕಬ್ ಬೆಕನ್‌ಸ್ಟೈನ್ ಎಂಬ ತರುಣರು ಕೃಷ್ಣರಂಧ್ರಕ್ಕೂ ಎಂಟ್ರೊಪಿ ಇದೆ, ಅದು ಅದರ ಮೇಲ್ಮೈಯ ವಿಸ್ತೀರ್ಣಕ್ಕೆ ಅನುಗುಣವಾಗಿದೆ ಎಂದು ವಾದಿಸಿದರು. ಒಂದು ವಸ್ತುವಿನ ಒಳಗಣ ಕಣಗಳನ್ನು ಹೊರಗೆ ಗೊತ್ತಾಗದಂತೆ ಎಷ್ಟು ಬಗೆಯಲ್ಲಿ ಜೋಡಿಸಿಡಬಹುದೆಂಬ ಎಣಿಕೆಯೇ ಎಂಟ್ರೊಪಿ. ೧೯೭೪ರಲ್ಲಿ ಸ್ಟೀಫನ್ ಹಾಕಿಂಗರು ಕೃಷ್ಣರಂಧ್ರವು ಅತ್ಯಲ್ಪವಾಗಿ ಬೆಚ್ಚಗಿದ್ದು ಶಾಖವನ್ನು ಹೊರಸೂಸುತ್ತದೆಂದು ತೋರಿಸಿದರು. ಸೂರ್ಯನಷ್ಟು ಭಾರದ ಕುಳಿಗೆ ಆ ಬಿಸಿಯು ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅಂದಮೇಲೆ, ಎಣಿಸಬೇಕಾದ ಆ ಒಳಗಣ ಸಾಮಾನುಗಳಾವುವು?

ಇಲ್ಲಿ ತಂತು ಸಿದ್ಧಾಂತವು ಬರುತ್ತದೆ. ಮೂಲಕಣಗಳು ಬಿಂದುಗಳಲ್ಲ, ಅತಿಸೂಕ್ಷ್ಮ ತಂತುಗಳು. ವೀಣೆಯ ಒಂದೇ ತಂತಿಯು ಹಲವು ಸ್ವರಗಳನ್ನು ನುಡಿಯುವಂತೆ ತಂತುವಿನ ಬೇರೆ ಬೇರೆ ಕಂಪನಗಳೇ ಬೇರೆ ಬೇರೆ ಕಣಗಳಾಗಿ ತೋರುತ್ತವೆ ಎಂಬುದು ಅದರ ಮತ. ಭಾರತದ ಅಶೋಕ್ ಸೇನರು ೧೯೯೫ರಲ್ಲಿ ದಾರಿಯನ್ನು ತೋರಿದರು. ೧೯೯೬ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಎಂಬವರು ವಿಶೇಷ ಬಗೆಯ ಕೃಷ್ಣರಂಧ್ರಗಳಿಗೆ ಒಳಗಣ ಜೋಡಣೆಗಳನ್ನು ಎಣಿಸಿ ನೋಡಿದಾಗ ಉತ್ತರವು ಬೆಕನ್‌ಸ್ಟೈನ್, ಹಾಕಿಂಗರ ಲೆಕ್ಕದೊಡನೆ ರೂಪಾಯಿ ಆಣೆ ಪೈಯವರೆಗೆ ತಾಳೆಯಾಯಿತು. ಈ ಸೇನರು ಬಹುಕಾಲ ಅಲಹಾಬಾದಿನಲ್ಲಿದ್ದು, ಅನಂತರ ಬೆಂಗಳೂರಿನ ಹೊರವಲಯದಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರಕ್ಕೆ ಬಂದರು. ಎರಡು ಪುಸ್ತಕಗಳೂ ಒಂದು ಪುಟದಲ್ಲಿ ಸರಿಹೊಂದಿದವೆಂದು ಅಂಗಡಿಯ ಲೆಕ್ಕವೆಲ್ಲ ಮುಗಿಯಿತೆಂದು ತಿಳಿಯಬಾರದು. ತಂತುಗಳನ್ನು ಪ್ರಯೋಗದಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ಇದನ್ನು ಮುಚ್ಚಿಟ್ಟು ಹುಡುಗರನ್ನು ಹುರಿದುಂಬಿಸುವುದು ನ್ಯಾಯವಲ್ಲ.

ಅಲ್ಲಿಗೆ ವಿಶ್ವೇಶ್ವರರ ನಾದವು ಹೇಗೆ ಹೊಕ್ಕಿತು? ೧೯೯೭ರಲ್ಲಿ ಹುವಾನ್ ಮಾಲ್ಡಸೇನ ಎಂಬವರು ತಂತು ಸಿದ್ಧಾಂತದಿಂದ ಒಂದು ಅಚ್ಚರಿಯ ಸಂಬಂಧವನ್ನು ಊಹಿಸಿದರು. ಒಂದು ಬಗೆಯ ಬಾಗಿದ ಆಕಾಶದಲ್ಲಿರುವ ಕೃಷ್ಣರಂಧ್ರವೂ, ಗುರುತ್ವದ ಸೋಂಕೇ ಇಲ್ಲದ ಕಾದ ಕಣಗಳ ರಾಶಿಯೂ ಒಂದೇ ವಿಷಯದ ಎರಡು ಬರವಣಿಗೆಗಳೆಂಬುದು ಆ ಊಹೆ. ೨೦೦೦ರಲ್ಲಿ ಹೊರೋವಿಟ್ಸ್ ಮತ್ತು ಹುಬೆನಿ ಎಂಬವರು, ಅಂತಹ ಕೃಷ್ಣರಂಧ್ರದ ಮಿಡಿತವು ಎಷ್ಟು ಬೇಗ ಅಡಗುತ್ತದೆಂಬ ಲೆಕ್ಕವು, ಕಲಕಿದ ಆ ಕಾದ ರಾಶಿಯು ಎಷ್ಟು ಬೇಗ ಮತ್ತೆ ಸಮಸ್ಥಿತಿಗೆ ಬರುತ್ತದೆಂಬುದರ ಲೆಕ್ಕವೇ ಆಗಿದೆಯೆಂದು ತೋರಿಸಿದರು. ಕುದಿಯುವ ಸಾರಿನ ಹಂಡೆಯನ್ನು ಸೌಟಿನಿಂದ ಒಮ್ಮೆ ಕಲಕಿ ಕೈಬಿಟ್ಟರೆ ಸುಳಿಗಳು ತಿರುಗಿ ತಿರುಗಿ ಅಡಗುವುದನ್ನು ನಾವು ನಿತ್ಯವೂ ನೋಡುತ್ತೇವೆ. ೧೯೭೦ರ ಕೊಪ್ಪರಿಗೆಯ ನಾದವು ಮೂವತ್ತು ವರ್ಷಗಳ ತರುವಾಯ ಹಂಡೆಯ ಸುಳಿಯ ಲೆಕ್ಕಕ್ಕೂ ಒದಗಿತೆಂದರೆ, ಅದನ್ನು ಬರೆದವರೂ ಅಂದು ಎಣಿಸಿರಲಾರರು.

ಆದರೂ ಇದೆಲ್ಲವೂ ಕಾಗದದ ಮೇಲಿನ ಮಾತಷ್ಟೆ. ನಿಜವಾದ ನಾದವನ್ನು ಕೇಳಿದ್ದು ೨೦೧೫ರ ಸೆಪ್ಟೆಂಬರ್ ೧೪ರಂದು. ಅಮೆರಿಕೆಯ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಸ್ಥಳಗಳಲ್ಲಿ, ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳುಳ್ಳ ಲೈಗೊ ಯಂತ್ರಗಳಿವೆ. ಆ ದಿನ ಆ ತೋಳುಗಳ ಉದ್ದವು ಒಂದು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿತು. ಸುಮಾರು ೧೩೦ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ ೩೬ ಪಟ್ಟು ಮತ್ತು ೨೯ ಪಟ್ಟು ಭಾರದ ಎರಡು ಕೃಷ್ಣರಂಧ್ರಗಳು ಸುತ್ತಿ ಸುತ್ತಿ ಡಿಕ್ಕಿಯಾಗಿ ೬೨ ಪಟ್ಟು ಭಾರದ ಒಂದಾಗಿದ್ದವು. ೩೬ಕ್ಕೆ ೨೯ ಕೂಡಿದರೆ ೬೫ ಆಗಬೇಕಲ್ಲವೇ ಎಂದು ಗುಮಾಸ್ತರು ಕೇಳದೆ ಇರಲಾರರು. ಕೊರತೆಬಿದ್ದ ಮೂರು ಸೂರ್ಯರ ಭಾರವು ಗುರುತ್ವ ತರಂಗಗಳಾಗಿ ಹೊರಟುಹೋಯಿತು. ಆ ತರಂಗವೇ ನಮ್ಮನ್ನು ತಲಪಿದ್ದು. ಕ್ಷಣದ ಐದನೆಯ ಒಂದು ಪಾಲಿನಷ್ಟು ಕಾಲದ ಆ ಸಂಕೇತದ ಬಾಲದಲ್ಲಿ, ಹೊಸದಾಗಿ ಹುಟ್ಟಿದ ಕೃಷ್ಣರಂಧ್ರವು ಕ್ಷಣಕ್ಕೆ ಸುಮಾರು ೨೫೦ ಕಂಪನಗಳಂತೆ ಮಿಡಿದು ಅಡಗಿತು. ಯಕ್ಷಗಾನದ ಭಾಗವತರ ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ 'ಬಿಳಿ ಒಂದ'ರ ಆಸುಪಾಸು.

ಈ ಸಮಾಚಾರವನ್ನು ಲೋಕಕ್ಕೆ ಸಾರಿದ್ದು ೨೦೧೬ರ ಫೆಬ್ರವರಿ ೧೧ರಂದು. ವಿಶ್ವೇಶ್ವರರಿಗೆ ಆಗ ೭೭ ವರ್ಷ. ೩೨ರ ಪ್ರಾಯದಲ್ಲಿ ಬರೆದ 'ನೇಚರ್' ಲೇಖನಕ್ಕೆ ಉತ್ತರವು ನಾಲ್ಕೂವರೆ ದಶಕಗಳ ಅನಂತರ ಬಂದಿತು, ಬಂದಾಗ ವಿಳಾಸದಾರರು ಮನೆಯಲ್ಲಿದ್ದರು. ಇದು ಎಲ್ಲರ ಪಾಲಿಗೂ ಬರುವ ಭಾಗ್ಯವಲ್ಲ. ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ, ೨೦೧೭ರ ಜನವರಿ ೧೬ರಂದು, ಅವರು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಲೈಗೊ ಯಂತ್ರವನ್ನು ಕಟ್ಟಿದ ಮೂವರಿಗೆ ನೊಬೆಲ್ ಪಾರಿತೋಷಕವು ಬಂದಿತು.

ನಾದವು ಅಲ್ಲಿಗೆ ನಿಲ್ಲಲಿಲ್ಲ. ೨೦೨೫ರ ಜನವರಿ ೧೪ರಂದು ಮೊದಲಿನದಕ್ಕಿಂತ ಮೂರುಪಟ್ಟು ಸ್ಪಷ್ಟವಾದ ಡಿಕ್ಕಿಯೊಂದು ಕೇಳಿಬಂದಿತು. ಈ ಸಲ ಕೃಷ್ಣರಂಧ್ರದ ಮಿಡಿತದಲ್ಲಿ ಎರಡು ಸ್ವರಗಳನ್ನು ಬೇರ್ಪಡಿಸಿ ಗುರುತಿಸಲು ಸಾಧ್ಯವಾಯಿತು. ಡಿಕ್ಕಿಗೆ ಮೊದಲು ಎರಡರ ಒಟ್ಟು ಮೇಲ್ಮೈ ಸುಮಾರು ೨,೪೦,೦೦೦ ಚದರ ಕಿಲೋಮೀಟರು. ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಡಿಕ್ಕಿಯ ಅನಂತರ ಸುಮಾರು ೪,೦೦,೦೦೦. ಎರಡು ಕರ್ನಾಟಕಗಳಿಗಿಂತಲೂ ಮಿಗಿಲು. ಕೃಷ್ಣರಂಧ್ರಗಳು ಕೂಡಿದರೆ ಮೇಲ್ಮೈಯು ಎಂದಿಗೂ ಕುಗ್ಗಲಾರದೆಂದು ಹಾಕಿಂಗರು ೧೯೭೧ರಲ್ಲಿ ಹೇಳಿದ್ದರು. ಬೆಕನ್‌ಸ್ಟೈನರು ಎಂಟ್ರೊಪಿಯ ಮಾತನ್ನಾಡಿದುದೂ ಇದೇ ಮೇಲ್ಮೈಯನ್ನು ಹಿಡಿದು. ಆ ಲೆಕ್ಕವನ್ನು ಕಾಣದ ಪಾತ್ರೆಯ ದನಿಯಿಂದಲೇ ಈಗ ಅಳೆದು ನೋಡಿದಂತಾಯಿತು.

ಮೊನ್ನೆ ಗುಮಾಸ್ತರು ಮತ್ತೆ ಬಂದಿದ್ದರು, ಈ ಸಲ ಮಗನೊಡನೆ. ಇದೆಲ್ಲವನ್ನೂ ಅವರಿಗೆ ಹೇಳಿ, ಸಂಬಳದ ವಿಷಯದಲ್ಲಿ ನಾನು ಭರವಸೆ ಕೊಡಲಾರೆನೆಂದೂ ಹೇಳಿದೆನು. ಈ ದಾರಿಯು ಉದ್ದ, ಊರೂರು ಅಲೆಯುವ ದಾರಿ. ಮೂವತ್ತು ವಯಸ್ಸಿನವರೆಗೂ ನೆಲೆ ನಿಲ್ಲದಿರಬಹುದು. ದೂರ ಹೋಗದೆಯೇ ಓದಬಹುದೆಂಬುದಷ್ಟು ಸಮಾಧಾನ: ಗಚ್ಚಿಬೌಲಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯವಿದೆ. ಅಪ್ಪನು ಮಗನ ಮುಖವನ್ನು ನೋಡಿದನು. ಮಗನು ನನ್ನ ಮೇಜಿನ ಮೇಲಿದ್ದ ನಕಾಶೆಯನ್ನು ನೋಡುತ್ತಿದ್ದನು.

ಕಾರಣವಿತ್ತು. ಲೈಗೊದಂತಹುದೇ ಯಂತ್ರವೊಂದನ್ನು ಭಾರತದಲ್ಲಿ ನಿಲ್ಲಿಸಲು ಕೇಂದ್ರ ಸರ್ಕಾರವು ೨೦೨೩ರ ಏಪ್ರಿಲ್ಲಿನಲ್ಲಿ ಸುಮಾರು ೨,೬೦೦ ಕೋಟಿ ರೂಪಾಯಿಗಳಿಗೆ ಮಂಜೂರಾತಿಯನ್ನು ಕೊಟ್ಟಿದೆ. ಆರಿಸಿದ ಸ್ಥಳವು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ. ೧೯೫೬ರವರೆಗೆ ಅದು ನಮ್ಮ ಹೈದರಾಬಾದ್ ಸಂಸ್ಥಾನದ ಪರಭಣಿ ಸೀಮೆಯೇ. ಬೀದರಿನಂತೆ, ಕಲಬುರ್ಗಿಯಂತೆ, ಒಂದೇ ಸರ್ಕಾರದ ಕೆಳಗಿದ್ದ ನೆಲ. ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದೆಂದು ಭಕ್ತರು ನಂಬುವ ನಾಗನಾಥನ ದರ್ಶನಕ್ಕೆ ಭಾಲ್ಕಿ ಕಡೆಯವರು ಹೋಗಿಬರುವುದುಂಟು. ಗುಮಾಸ್ತರ ತಾಯಿಯವರಿಗೂ ಅಲ್ಲಿಯ ಹರಕೆಯೊಂದು ಬಾಕಿಯಿದೆಯಂತೆ.

"ಶ್ರಾವಣದಲ್ಲಿ ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ" ಎಂದನು ಹುಡುಗನು.